ಹಿಗ್ಗದ ಉಂಗುರ: ಮರುಕಳಿಸುವ ಕ್ರೂಪ್ ಮತ್ತು ಮಲಪ್ರಭೆಯ ಬಯಲು

ಮನುಷ್ಯನ ಗಂಟಲಿನಲ್ಲಿ ದನಿಪೆಟ್ಟಿಗೆ ಮುಗಿದು ಶ್ವಾಸನಾಳ ಆರಂಭವಾಗುವ ಜಾಗದಲ್ಲಿ ಕ್ರಿಕಾಯ್ಡ್ ಎಂಬ ಮೃದ್ವಸ್ಥಿಯ ಉಂಗುರವೊಂದಿದೆ. ಅದರ ಕೆಳಗೆ ಶ್ವಾಸನಾಳದುದ್ದಕ್ಕೂ ಇರುವ ಮೃದ್ವಸ್ಥಿಗಳೆಲ್ಲ ಬೆನ್ನಿನ ಕಡೆ ತೆರೆದುಕೊಂಡಿರುವ ಅರೆ ಉಂಗುರಗಳಾಗಿದ್ದು, ಕ್ರಿಕಾಯ್ಡ್ ಒಂದೇ ಸುತ್ತಲೂ ಮುಚ್ಚಿಕೊಂಡ ಪೂರ್ಣ ಉಂಗುರವಾದ್ದರಿಂದ, ಅದರ ಒಳಮೈಯ ಲೋಳೆಪೊರೆ ಬಾತುಕೊಂಡಾಗ ಆ ಬಾವು ಹೊರಕ್ಕೆ ಸರಿಯಲು ಎಡೆಯೇ ಇರುವುದಿಲ್ಲ. ಚಕ್ಕಡಿಯ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ಕಟ್ಟಿಗೆಯನ್ನು ಹೊರಚಾಚಲು ಬಿಡದಂತೆ, ಈ ಉಂಗುರ ಬಾವನ್ನು ಒಳಕ್ಕೇ, ಅಂದರೆ ಗಾಳಿ ಹಾಯುವ ದಾರಿಗೇ ತಳ್ಳುತ್ತದೆ. ಎಳೆಯ ಮಗುವಿನಲ್ಲಿ ಆ ದಾರಿಯ ಅಡ್ಡಳತೆ ಸುಮಾರು 4ರಿಂದ 5 ಮಿಲಿಮೀಟರ್. ನಾಲ್ಕು ಮಿಲಿಮೀಟರಿನ ದಾರಿಯಲ್ಲಿ ಸುತ್ತಲೂ ಒಂದೊಂದು ಮಿಲಿಮೀಟರ್ ಬಾವು ಬಂದರೆ ಉಳಿಯುವುದು ಎರಡು ಮಿಲಿಮೀಟರ್, ವಿಸ್ತೀರ್ಣ ಕಾಲು ಭಾಗ. ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ಒದಗುವ ತಡೆ 16 ಪಟ್ಟು ಏರುತ್ತದೆಂದು ಫ್ರಾನ್ಸಿನ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ಅಳೆದು ತೋರಿಸಿದ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಅದೇ ಒಂದು ಮಿಲಿಮೀಟರ್ ಬಾವು 16 ಮಿಲಿಮೀಟರಿನಷ್ಟು ಅಗಲದ ವಯಸ್ಕರ ಶ್ವಾಸನಾಳದಲ್ಲಿ ಬಂದರೆ ತಡೆ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಅಜ್ಜಿಗೆ ಎರಡು ದಿನದ ನೆಗಡಿಯಾಗಿ ಕಳೆದುಹೋಗುವ ಸೋಂಕು ಅದೇ ಮನೆಯ ಮೊಮ್ಮಗನಿಗೆ ಉಸಿರಿನ ಸಂಕಟವಾಗುವುದಕ್ಕೆ ಈ ಗಣಿತವೇ ಮುಖ್ಯ ಕಾರಣ.

ಕ್ರೂಪ್ ಎಂದು ವೈದ್ಯಶಾಸ್ತ್ರ ಕರೆಯುವುದು ಈ ಜಾಗದ ಬಾವನ್ನು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ನಡುವಿನ ಮಕ್ಕಳಲ್ಲಿ, ಅದರಲ್ಲಿಯೂ ಎರಡನೆಯ ವರ್ಷದಲ್ಲಿ ಹೆಚ್ಚಾಗಿ, ಹುಡುಗಿಯರಿಗಿಂತ ಹುಡುಗರಲ್ಲಿ ತುಸು ಜಾಸ್ತಿಯಾಗಿ ಕಾಣಿಸಿಕೊಳ್ಳುವ ಈ ಬೇನೆ ಒಂದೆರಡು ದಿನದ ನೆಗಡಿಯಿಂದ ಆರಂಭವಾಗಿ, ನಡುರಾತ್ರಿಯ ಹೊತ್ತಿಗೆ ಮಗುವನ್ನು ಎಬ್ಬಿಸಿ ಕೂರಿಸುತ್ತದೆ. ದನಿ ಒಡಕಲಾಗಿರುತ್ತದೆ, ಕೆಮ್ಮು ನಾಯಿ ಬೊಗಳಿದಂತೆ ಟೊಳ್ಳಾಗಿ ಕೇಳುತ್ತದೆ, ಮತ್ತು ಬಾವು ಹೆಚ್ಚಿದ್ದರೆ ಉಸಿರನ್ನು ಒಳಕ್ಕೆ ಎಳೆದಾಗಲೆಲ್ಲ ಸ್ಟ್ರೈಡರ್ ಎಂಬ ಕರ್ಕಶ ಸದ್ದು ಹೊರಡುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳು ಈ ಕೆಮ್ಮನ್ನು ಸೀಲ್ ಎಂಬ ಕಡಲಪ್ರಾಣಿಯ ಕೂಗಿಗೆ ಹೋಲಿಸುತ್ತವೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಕುಳಿತು ಅದನ್ನು ಓದುವ ವೈದ್ಯವಿದ್ಯಾರ್ಥಿಗೆ ಆ ಹೋಲಿಕೆಯಿಂದ ಯಾವ ಉಪಕಾರವೂ ಆಗದು. ಹಾಗೆಂದು ಬೊಗಳುವ ಕೆಮ್ಮು ಕೇಳಿದ ಕೂಡಲೇ ಮನೆಯ ಹಿರಿಯರು ನಾಯಿಕೆಮ್ಮು ಎಂದು ತೀರ್ಮಾನಿಸುವುದೂ ಸರಿಯಲ್ಲ, ಏಕೆಂದರೆ ಆ ಹೆಸರಿನಿಂದ ಗುರುತಾಗಿರುವುದು ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ ಬೇನೆ: ಅದು ವಾರಗಟ್ಟಲೆ ಎಳೆಯುತ್ತದೆ, ಕೆಮ್ಮಿನ ಸರಪಳಿ ಮುಗಿದ ಮೇಲೆ ಮಗು ಉಸಿರೆಳೆದುಕೊಂಡು ವಾಂತಿ ಮಾಡುತ್ತದೆ, ಮತ್ತು ಅದಕ್ಕೆ ಬೇಕಾದದ್ದು ಪ್ರತಿಜೀವಕ ಔಷಧ. ಕ್ರೂಪಿಗೆ ಕಾರಣ ವೈರಸ್ಸುಗಳಾದ್ದರಿಂದ ಪ್ರತಿಜೀವಕದಿಂದ ಪ್ರಯೋಜನವಿಲ್ಲ. ಆ ವೈರಸ್ಸುಗಳಲ್ಲಿ ಮುಖ್ಯವಾದದ್ದು ಪ್ಯಾರಾಇನ್‌ಫ್ಲುಯೆಂಜಾ ಗುಂಪು. ಅದರ ಮೊದಲ ಸದಸ್ಯರಲ್ಲೊಂದನ್ನು ಅಮೆರಿಕದ ರಾಬರ್ಟ್ ಚಾನಾಕ್ 1956ರಲ್ಲಿ ಕ್ರೂಪಿನಿಂದ ಬಳಲುತ್ತಿದ್ದ ಶಿಶುಗಳಿಂದಲೇ ಬೇರ್ಪಡಿಸಿದ್ದರು. ಕೋವಿಡ್ ವೈರಸ್ಸಿನ ಓಮೈಕ್ರಾನ್ ರೂಪವೂ 2022ರ ಆರಂಭದಲ್ಲಿ ಹಲವು ದೇಶಗಳ ಮಕ್ಕಳಲ್ಲಿ ಕ್ರೂಪನ್ನು ಉಂಟುಮಾಡಿತು.

ಸದ್ದು ಉಸಿರನ್ನು ಒಳಗೆಳೆಯುವಾಗಲೇ ಏಕೆ ಬರುತ್ತದೆ ಎಂಬುದನ್ನು ತಾಯ್ತಂದೆಯರು ಅರಿತರೆ, ರಾತ್ರಿಯ ಆರೈಕೆಯ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ. ಎದೆಗೂಡಿನ ಹೊರಗಿರುವ ಶ್ವಾಸಮಾರ್ಗದ ಒಳಗೆ, ಉಸಿರೆಳೆದುಕೊಳ್ಳುವಾಗ, ಹೊರಗಿನ ಗಾಳಿಗಿಂತ ಕಡಿಮೆ ಒತ್ತಡವಿರುತ್ತದೆ; ಇಕ್ಕಟ್ಟಾದ ದಾರಿಯ ಮೂಲಕ ಜೋರಾಗಿ ಎಳೆದಷ್ಟೂ ಆ ಒತ್ತಡ ಇನ್ನಷ್ಟು ಕುಸಿದು, ಮೃದುವಾದ ಗೋಡೆಗಳು ಒಂದನ್ನೊಂದು ಸಮೀಪಿಸುತ್ತವೆ. ಮಗು ಅತ್ತಾಗ ಗಾಳಿಯ ವೇಗ ಹೆಚ್ಚುತ್ತದೆ, ನೆಟ್ಟಗೆ ಹರಿಯುತ್ತಿದ್ದ ಗಾಳಿ ಸುಳಿಸುಳಿಯಾಗುತ್ತದೆ, ಹಾಗೆ ಸುಳಿಯಾದ ಹರಿವಿನಲ್ಲಿ ತ್ರಿಜ್ಯ ಅರ್ಧಕ್ಕಿಳಿದರೆ ತಡೆ 16ರ ಬದಲು 32 ಪಟ್ಟು ಏರುತ್ತದೆ. ಆದ್ದರಿಂದ ಮಗುವನ್ನು ಅಳಿಸದಿರುವುದು ಇಲ್ಲಿ ಬರಿಯ ಮಮತೆಯ ಮಾತಾಗಿರದೆ ಚಿಕಿತ್ಸೆಯೇ ಆಗಿದೆ. ತಾಯಿ ಅಥವಾ ಅಜ್ಜಿ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಅದಕ್ಕೆ ಹಿತವೆನಿಸುವ ಭಂಗಿಯನ್ನು ಅದೇ ಆರಿಸಿಕೊಳ್ಳಲು ಬಿಟ್ಟು, ಎದೆಹಾಲನ್ನೋ ಗುಟುಕು ನೀರನ್ನೋ ಕೊಡುತ್ತ ಸಂತೈಸುವುದು, ಎಂಟು ಜನ ಸುತ್ತ ನೆರೆದು ಟಾರ್ಚ್ ಬಿಟ್ಟು ಬಾಯಿ ತೆರೆಸಿ ನೋಡುವುದಕ್ಕಿಂತ ಎಷ್ಟೋ ಮೇಲು. ಕಿರುನಾಲಿಗೆ ಬಿದ್ದಿದೆಯೆಂದು ಗಂಟಲಿಗೆ ಬೆರಳು ಹಾಕಿ ಅದನ್ನು ಎತ್ತುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ; ಬಾತುಕೊಂಡ ಶ್ವಾಸಮಾರ್ಗವಿರುವ ಮಗುವಿನಲ್ಲಿ ಆ ಬೆರಳು ದಾರಿಯನ್ನು ಪೂರ್ಣವಾಗಿ ಮುಚ್ಚಿಸಬಲ್ಲದು.

ಒಮ್ಮೆ ಬಂದು ಹೋಗುವ ಕ್ರೂಪ್ ಬಹುತೇಕ ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲಿ ಶಮನವಾಗುತ್ತದೆ. ಕುಟುಂಬಗಳನ್ನು ದಣಿಸುವುದು ಮತ್ತೆ ಮತ್ತೆ ಬರುವ ಕ್ರೂಪ್. ವರ್ಷವೊಂದರಲ್ಲಿ ಎರಡು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಕ್ರೂಪ್ ಎನ್ನುವುದು ರೂಢಿ, ಮೂರು ಸಲವಾದರೂ ಆಗಬೇಕೆನ್ನುವ ತಜ್ಞರೂ ಇದ್ದಾರೆ. ಪ್ಯಾರಾಇನ್‌ಫ್ಲುಯೆಂಜಾ ಸೋಂಕು ಕೊಡುವ ರಕ್ಷಣೆ ಅಪೂರ್ಣವಾಗಿದ್ದು, ಗುಂಪಿನಲ್ಲಿ ನಾಲ್ಕು ಬಗೆಗಳಿರುವುದರಿಂದ ಮತ್ತೆ ಸೋಂಕು ತಗಲುವುದರಲ್ಲಿ ವಿಶೇಷವೇನಿಲ್ಲ. ಆದರೆ ಸೋಂಕು ತಗಲಿದ ಎಲ್ಲ ಮಕ್ಕಳೂ ಪ್ರತಿ ಸಲ ಬೊಗಳುವುದಿಲ್ಲವಾದ್ದರಿಂದ, ಹಾಗೆ ಬೊಗಳುವ ಮಗುವಿನ ಶ್ವಾಸಮಾರ್ಗದಲ್ಲಿ ಬೇರೆ ಏನೋ ಇದೆಯೆಂದು ಭಾವಿಸಿ ಹುಡುಕುವುದು ನ್ಯಾಯ. ಕೆಲವು ಮಕ್ಕಳಿಗೆ ಜ್ವರವೂ ಇಲ್ಲದೆ, ಮಲಗುವಾಗ ಚೆನ್ನಾಗಿಯೇ ಇದ್ದು, ನಡುರಾತ್ರಿ ಹಠಾತ್ತನೆ ಕೆಮ್ಮು ಎದ್ದು ಬೆಳಗಾಗುವುದರೊಳಗೆ ಇಳಿದುಹೋಗಿ, ಮರುದಿನದ ರಾತ್ರಿ ಮತ್ತೆ ಬರುವುದುಂಟು. ಸೆಳೆತದ ಕ್ರೂಪ್ ಎನ್ನಬಹುದಾದ ಈ ಬಗೆ ಅಲರ್ಜಿಯ ಮೈಯವರಲ್ಲಿ, ಅಂದರೆ ಮನೆತನದಲ್ಲಿ ದಮ್ಮು, ಇಸುಬು, ಸೀನುಗಳಿರುವವರಲ್ಲಿ ಹೆಚ್ಚು. ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ದನಿಪೆಟ್ಟಿಗೆಯನ್ನು ಕೆರಳಿಸುವುದು ಇನ್ನೊಂದು ಕಾರಣ. ರಾತ್ರಿಯೇ ಏಕೆ ಎಂಬುದಕ್ಕೆ ದೇಹ ತಾನೇ ಉತ್ಪಾದಿಸುವ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್ ನಡುರಾತ್ರಿಯ ಆಸುಪಾಸಿನಲ್ಲಿ ಅತ್ಯಂತ ಕೆಳಮಟ್ಟದಲ್ಲಿರುತ್ತದೆಂಬ ಸಂಗತಿಯನ್ನು ವೈದ್ಯರು ವಿವರಣೆಯಾಗಿ ಮುಂದಿಡುತ್ತಾರೆ, ಮತ್ತು ಮುಂದೆ ಕಾಣುವಂತೆ ಚಿಕಿತ್ಸೆಯೂ ಅದೇ ಜಾತಿಯ ವಸ್ತುವಿನಿಂದಲೇ ಆಗುತ್ತದೆ.

ಈ ಬೇನೆಯನ್ನು ಇಲ್ಲಿ ನೋಡುತ್ತಿರುವುದು ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವದ ಸೀಮೆಯಲ್ಲಿ, ಆ ಸೀಮೆ ಒಂದೇ ತೆರನಾಗಿಲ್ಲ. ಬೈಲಹೊಂಗಲದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಕಿತ್ತೂರು ಮಲೆನಾಡಿನ ಸೆರಗಿನಲ್ಲಿದ್ದು ಮಳೆ ಕಾಣುತ್ತದೆ. ಬೈಲಹೊಂಗಲ, ಸವದತ್ತಿಗಳು ಎರೆಹೊಲದ ನಾಡು. ರಾಮದುರ್ಗಕ್ಕೆ ಬರುವಷ್ಟರಲ್ಲಿ ಬಯಲು ಒಣಗಿ ಕಲ್ಲುಗುಡ್ಡಗಳು ಏಳುತ್ತವೆ. ನಾಲ್ಕನ್ನೂ ಕೂಡಿಸುವುದು ಮಲಪ್ರಭೆಯ ಜಲಾನಯನ. ಶೀತಪ್ರದೇಶದ ದೇಶಗಳಲ್ಲಿ ಕ್ರೂಪಿಗೆ ಶರತ್ಕಾಲವೆಂಬ ಖಚಿತ ಕಾಲವಿದ್ದು, ಅಮೆರಿಕದಲ್ಲಿ ಪ್ಯಾರಾಇನ್‌ಫ್ಲುಯೆಂಜಾ 1 ಎರಡು ವರ್ಷಕ್ಕೊಮ್ಮೆ ಅಲೆಯಾಗಿ ಬರುವುದು ಗುರುತಾಗಿದೆ. ಬಿಸಿನಾಡುಗಳಲ್ಲಿ ಋತುವಿನ ಗೆರೆ ಅಷ್ಟು ನೇರವಾಗಿರುವುದಿಲ್ಲ. ಆದರೂ ಮಕ್ಕಳ ಉಸಿರಿಗೆ ಕಷ್ಟದ ತಿಂಗಳುಗಳನ್ನು ಇಲ್ಲಿಯ ಬದುಕಿನಿಂದಲೇ ಊಹಿಸಬಹುದು. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು, ಗುಡ್ಡದ ಮೇಲೆಯೇ ಬೀಡುಬಿಟ್ಟು, ಒಲೆ ಹೂಡಿ ಕಡುಬು ಹೋಳಿಗೆ ಮಾಡುವ ಕಾಲದಲ್ಲಿಯೇ ಮಲಪ್ರಭೆಯ ಬಯಲಿನ ಇರುಳುಗಳು ತಣ್ಣಗಿರುತ್ತವೆ. ಉಗುಳಿನ ಹನಿಯಿಂದಲೂ ಕೈಯಿಂದಲೂ ಹರಡುವ, ತಗಲಿದ ಎರಡರಿಂದ ಆರು ದಿನಗಳಲ್ಲಿ ಲಕ್ಷಣ ತೋರುವ ವೈರಸ್ಸಿಗೆ ಇದಕ್ಕಿಂತ ಅನುಕೂಲವಾದ ನೆರವಿ ಬೇರೆ ಬೇಕಿಲ್ಲ. ಜಾತ್ರೆ ಬಿಡಬೇಕೆಂದು ಯಾವ ವೈದ್ಯರೂ ಹೇಳಲಾರರು, ಹೇಳಿದರೂ ಕೇಳುವವರಿಲ್ಲ. ಆದರೆ ಹಿಂದೆ ಎರಡು ಮೂರು ಸಲ ಕ್ರೂಪ್ ಬಂದಿರುವ ಮಗುವಿದ್ದವರು ಗುಡ್ಡದಿಂದ ಇಳಿದು ಬಂದ ಆ ವಾರವನ್ನು ಎಚ್ಚರದ ವಾರವೆಂದು ಎಣಿಸುವುದರಲ್ಲಿ ಅರ್ಥವಿದೆ.

ಹೊಗೆಯ ಮಾತು ಇದಕ್ಕಿಂತ ಗಂಭೀರವಾದದ್ದು. ಅಡುಗೆ ಅನಿಲದ ಸಿಲಿಂಡರ್ ಮನೆಯಲ್ಲಿದ್ದರೂ ನೀರು ಕಾಯಿಸುವ ಒಲೆಗೆ ಹತ್ತಿಕಟ್ಟಿಗೆ, ಕುಳ್ಳು ಉರಿಸುವ ಮನೆಗಳು ಕಡಿಮೆಯೇನಿಲ್ಲ; ಬಾಣಂತಿಯ ಹೊರಸಿನ ಕೆಳಗೆ ಶೇಗಡಿಯಿಟ್ಟು ಶಾಖ ಕೊಡುವ, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕುವ ರೂಢಿ ಬೆಚ್ಚಗಿಡುವ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದರೂ, ಕೆರಳಿದ ಲೋಳೆಪೊರೆಗೆ ಆ ಹೊಗೆ ಮತ್ತೊಂದು ಏಟು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಿನ ಊರುಗಳಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ಸಂಜೆಗಳಲ್ಲಿ, ಹಾಗೂ ಕಣದಲ್ಲಿ ರಾಶಿ ತೂರುವಾಗ, ಇಂಥ ಮಗುವನ್ನು ಹೊಗೆ, ಹೊಟ್ಟು ಬೀಸಿ ಬರುವ ಕಡೆ ಮಲಗಿಸದಿರುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದದಿರುವುದು, ಸೊಳ್ಳೆಬತ್ತಿಯನ್ನು ಬಿಟ್ಟು ಪರದೆ ಕಟ್ಟುವುದು, ಇವೆಲ್ಲ ತಾಯ್ತಂದೆಯರ ಕೈಯಲ್ಲಿರುವ ಕೆಲಸಗಳು. ಕ್ರೂಪನ್ನು ಇವು ತಡೆದೇಬಿಡುತ್ತವೆಂದು ಹೇಳಲಾಗದು, ಬಾವಿನ ಮೇಲೆ ಬಾವು ಬೀಳುವುದನ್ನು ಕಡಿಮೆ ಮಾಡುತ್ತವೆ.

ಮರುಕಳಿಸುವ ಕ್ರೂಪಿನಲ್ಲಿ ಅತಿ ಹೆಚ್ಚು ಗೊಂದಲ ನಡೆಯುವುದು ಸದ್ದನ್ನು ಗುರುತಿಸುವುದರಲ್ಲಿ. ಅಸ್ತಮಾದ ಸಿಳ್ಳೆ ಉಸಿರು ಬಿಡುವಾಗ ಕೇಳುತ್ತದೆ, ಏಕೆಂದರೆ ಅಲ್ಲಿ ಕಿರಿದಾಗುವುದು ಎದೆಯೊಳಗಿನ ಸಣ್ಣ ಶ್ವಾಸನಾಳಗಳು. ಅವುಗಳ ಗೋಡೆಯಲ್ಲಿ ನಯವಾದ ಸ್ನಾಯುಗಳಿದ್ದು, ಸಾಲ್ಬುಟಮಾಲ್ ಎಂಬ ಔಷಧ ಆ ಸ್ನಾಯುಗಳನ್ನು ಸಡಿಲಿಸುತ್ತದೆ. ಕ್ರೂಪಿನ ಸದ್ದು ಉಸಿರೆಳೆಯುವಾಗ, ಗಂಟಲಿನಿಂದ ಬರುತ್ತದೆ; ಕ್ರಿಕಾಯ್ಡ್ ಉಂಗುರದ ಒಳಗೆ ಸಡಿಲಿಸಲು ಅಂಥ ಸ್ನಾಯುವೇ ಇಲ್ಲವಾದ್ದರಿಂದ ಸಾಲ್ಬುಟಮಾಲ್ ಅಲ್ಲಿ ಮಾಡುವಂಥದ್ದು ಏನೂ ಇರುವುದಿಲ್ಲ. ಔಷಧವನ್ನು ಮಂಜಾಗಿಸಿ ಮಾಸ್ಕ್ ಮೂಲಕ ಕೊಡುವ ನೆಬ್ಯುಲೈಸರ್ ಈಗ ಹಳ್ಳಿಯ ಮನೆಗಳಿಗೂ ಬಂದಿದ್ದು, ಮಗುವಿಗೆ ಉಸಿರು ಕಟ್ಟಿತೆಂದರೆ ಅದನ್ನೇ ಹಿಡಿಯುವ ರೂಢಿ ಬೆಳೆದಿದೆ. ಮಗು ಹೆದರಿ ಅತ್ತು, ಮಾಸ್ಕನ್ನು ತಳ್ಳಿ, ಇನ್ನಷ್ಟು ಎಳೆದುಕೊಳ್ಳುತ್ತದೆ, ಗಂಟೆ ಕಳೆಯುತ್ತದೆ. ದಮ್ಮು ಎಂಬ ಒಂದೇ ಹೆಸರಿನಲ್ಲಿ ಎರಡೂ ಸೇರಿಹೋದ ಮನೆಗಳಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿದ ಅರ್ಧ ನಿಮಿಷದ ವಿಡಿಯೋ ವೈದ್ಯರಿಗೆ ತೀರ್ಪು ಕೊಡಲು ಸಾಕಾಗುತ್ತದೆ. ಮಗುವಿನ ಅಂಗಿ ಬಿಚ್ಚಿ, ಎದೆ ಮತ್ತು ಕುತ್ತಿಗೆಯ ಕುಳಿ ಕಾಣುವಂತೆ, ಸದ್ದು ಕೇಳುವಂತೆ ತೆಗೆದ ವಿಡಿಯೋ ಇರಬೇಕು. ರಾತ್ರಿ ತೆಗೆದದ್ದಾದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆಳಿಗ್ಗೆ ದವಾಖಾನೆಗೆ ಬರುವ ಮಗು ಬಹುಮಟ್ಟಿಗೆ ಆಟವಾಡುತ್ತಲೇ ಬಂದಿರುತ್ತದೆ.

ರಾತ್ರಿ ಬೈಕಿನ ಮೇಲೆ ಹೊರಟ ಮಗು ತಾಲ್ಲೂಕು ಆಸ್ಪತ್ರೆಯ ಬಾಗಿಲು ಮುಟ್ಟುವ ಹೊತ್ತಿಗೆ ಸುಧಾರಿಸಿಕೊಂಡಿರುವುದನ್ನು ತಲೆಮಾರುಗಳಿಂದ ತಾಯ್ತಂದೆಯರು ಗಮನಿಸಿದ್ದಾರೆ. 2023ರಲ್ಲಿ ಪ್ರಕಟವಾದ ಜಿನೀವಾದ ಪ್ರಯೋಗವೊಂದು ಅವರ ಈ ಗಮನಿಕೆಗೆ ಸ್ವಲ್ಪ ತೂಕ ಕೊಟ್ಟಿತು: 118 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಹತ್ತು ಡಿಗ್ರಿಗಿಂತ ತಣ್ಣಗಿರುವ ಹೊರಗಿನ ಗಾಳಿಯಲ್ಲಿ ಅರ್ಧ ಗಂಟೆ ಕೂರಿಸಿದಾಗ ಅವರಲ್ಲಿ ಶೇ. 49ರಷ್ಟು ಮಕ್ಕಳಿಗೆ ಗುಣ ಕಂಡಿತು, ಕೋಣೆಯೊಳಗೇ ಇದ್ದವರಲ್ಲಿ ಶೇ. 24ರಷ್ಟು ಮಂದಿಗೆ ಮಾತ್ರ. ತಣ್ಣನೆಯ ಗಾಳಿ ಬಾತ ಪೊರೆಯ ರಕ್ತನಾಳಗಳನ್ನು ಕುಗ್ಗಿಸುತ್ತದೆಂಬುದು ವಿವರಣೆ. ಆದರೆ ಬೈಲಹೊಂಗಲದ ಬಯಲಿನಲ್ಲಿ ಇರುಳ ಉಷ್ಣಾಂಶ ಹತ್ತು ಡಿಗ್ರಿಯ ಕೆಳಗಿಳಿಯುವುದು ಅಪರೂಪವಾದ್ದರಿಂದ, ಜಿನೀವಾದ ಫಲವನ್ನು ಹಾಗೆಯೇ ಇಲ್ಲಿಗೆ ತರಲಾಗದು. ಮಗುವಿಗೆ ಸ್ವೆಟರ್ ಹಾಕಿ ಅಂಗಳದಲ್ಲಿ ಎತ್ತಿಕೊಂಡು ಅಡ್ಡಾಡುವುದರಿಂದ ಹಾನಿಯಿಲ್ಲ ಎಂಬಷ್ಟು ಹೇಳಬಹುದು. ಹಬೆಯ ಕಥೆ ಇದಕ್ಕೆ ವಿರುದ್ಧವಾದದ್ದು. ಶತಮಾನಕ್ಕೂ ಹೆಚ್ಚು ಕಾಲ ಕ್ರೂಪಿಗೆ ಹಬೆಯೇ ಔಷಧವೆಂದು ಆಸ್ಪತ್ರೆಗಳೇ ನಂಬಿದ್ದವು; 2006ರಲ್ಲಿ ಕೆನಡಾದ ಟೊರಾಂಟೊದಲ್ಲಿ 140 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಪೂರ್ಣ ತೇವವಿದ್ದ ಗಾಳಿಯಿಂದ ಯಾವ ವಿಶೇಷ ಲಾಭವೂ ಕಾಣಲಿಲ್ಲ. ಕುದಿಯುವ ನೀರಿನ ಪಾತ್ರೆಯ ಮುಂದೆ ಚಾದರ ಹೊದಿಸಿ ಎರಡು ವರ್ಷದ ಮಗುವನ್ನು ಕೂರಿಸುವುದರಿಂದ ಸುಟ್ಟ ಗಾಯಗಳ ಅಪಾಯ ಮಾತ್ರ ಖಚಿತ. ಎದೆಗೆ ಬರೆ ಹಾಕುವ ಕ್ರೌರ್ಯದ ಬಗ್ಗೆ ಹೇಳುವ ಅಗತ್ಯವೇ ಬೀಳಬಾರದಿತ್ತು. ಕರ್ಪೂರ, ಮೆಂಥಾಲ್ ಇರುವ ಬಾಮನ್ನು ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಬಳಿ ಹಚ್ಚಬಾರದು, ಒಂದು ವರ್ಷದೊಳಗೆ ಜೇನು ನೆಕ್ಕಿಸಬಾರದು. ಕೆಮ್ಮಿನ ಸಿರಪ್ಪು ಕ್ರೂಪಿಗೆ ಏನೂ ಮಾಡದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ನಂತರ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ಪುಗಳನ್ನು ಕೊಡಲೇಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು.

ಕೆಲಸ ಮಾಡುವ ಮುಖ್ಯ ಔಷಧಗಳು ಎರಡು, ಎರಡೂ ಹಳೆಯವು, ಎರಡೂ ಅಗ್ಗ. ಮೊದಲನೆಯದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಅದು ಬಾವನ್ನು ಇಳಿಸುತ್ತದೆ. ಒಂದೇ ಡೋಸು ಸಾಕು, ಬಾಯಿಂದ ಕೊಟ್ಟರೂ ಚುಚ್ಚುಮದ್ದಿನಷ್ಟೇ ಫಲ. ಕೆಲವು ದಶಕಗಳ ಕಾಲ ಕ್ರೂಪಿಗೆ ಸ್ಟೀರಾಯ್ಡ್ ಬೇಕೋ ಬೇಡವೋ ಎಂದು ವೈದ್ಯರಲ್ಲಿ ವಾದವಿತ್ತು. 2004ರಲ್ಲಿ ಕೆನಡಾದ 720 ಮಕ್ಕಳ ಮೇಲೆ ನಡೆದ ಅಧ್ಯಯನ ಸೌಮ್ಯ ಕ್ರೂಪಿನಲ್ಲಿ ಕೂಡ ಒಂದು ಡೋಸು ಪಡೆದವರಲ್ಲಿ ಮತ್ತೆ ವೈದ್ಯರ ಬಳಿ ಬರಬೇಕಾದವರ ಪ್ರಮಾಣ ಶೇ. 15ರಿಂದ ಶೇ. 7ಕ್ಕೆ ಇಳಿಯಿತೆಂದು ತೋರಿಸಿದ ಮೇಲೆ ಆ ವಾದ ಮುಗಿಯಿತು. ಡೋಸು ತೂಕದ ಮೇಲೆ ನಿಂತಿದೆ: ಕಿಲೋವೊಂದಕ್ಕೆ 0.15ರಿಂದ 0.6 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ ಮೇಲಿನ ಮಿತಿಯಲ್ಲಿ 6 ಮಿಲಿಗ್ರಾಂ ಬೇಕು. ಔಷಧ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾತ್ರೆ ಅರ್ಧ ಮಿಲಿಗ್ರಾಮಿನದು. ಅಂಗಡಿಯವರು ಕೊಟ್ಟ ಒಂದು ಮಾತ್ರೆಯನ್ನು ಅರೆದು ಕುಡಿಸಿ ಗುಣವಾಗಲಿಲ್ಲವೆಂದು ಮೂರು ದಿನ ಕಾಯುವ ಕುಟುಂಬಕ್ಕೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ, ಇನ್ನೊಂದೆಡೆ ಅದೇ ಮಾತ್ರೆಯನ್ನು ಪ್ರತಿ ನೆಗಡಿಗೂ ವಾರಗಟ್ಟಲೆ ಕೊಡುವ ಅಭ್ಯಾಸ ಮಗುವಿನ ಬೆಳವಣಿಗೆಗೂ ರೋಗನಿರೋಧಕ ಶಕ್ತಿಗೂ ಪೆಟ್ಟು. ಎರಡನೆಯ ಔಷಧ ನೆಬ್ಯುಲೈಸರಿನಿಂದ ಕೊಡುವ ಅಡ್ರಿನಲಿನ್. ಅದು ರಕ್ತನಾಳಗಳನ್ನು ಕುಗ್ಗಿಸಿ ಬಾವನ್ನು ತಾತ್ಕಾಲಿಕವಾಗಿ ಹಿಂಡುತ್ತದೆ; ಅದರ ಫಲವನ್ನು ಅಂಕಗಳಲ್ಲಿ ಅಳೆಯುವ ಕ್ರಮವನ್ನು 1978ರಲ್ಲಿ ವೆಸ್ಟ್ಲಿ ಮತ್ತು ಸಂಗಡಿಗರು ರೂಪಿಸಿದರು, ಅದೇ ಅಂಕಪಟ್ಟಿ ಇಂದಿಗೂ ಬಳಕೆಯಲ್ಲಿದೆ.

ಈ ಎರಡು ಔಷಧಗಳ ಗಡಿಯಾರಗಳು ಬೇರೆ ಬೇರೆ, ಮತ್ತು ಈ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಅದೇ. ಅಡ್ರಿನಲಿನ್ ಹತ್ತರಿಂದ ಮೂವತ್ತು ನಿಮಿಷದಲ್ಲಿ ಕೆಲಸ ಆರಂಭಿಸಿ ಸುಮಾರು ಎರಡು ಗಂಟೆಯಲ್ಲಿ ಇಳಿಯುತ್ತದೆ, ಇಳಿದಾಗ ಬಾವು ಮೊದಲಿನ ಮಟ್ಟಕ್ಕೆ ಮರಳಬಹುದು. ಡೆಕ್ಸಾಮೆಥಸೋನ್ ನಿಧಾನವಾಗಿ, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕೆಲಸಕ್ಕಿಳಿದು ಒಂದೂವರೆ ದಿನಕ್ಕೂ ಮೀರಿ ನಿಲ್ಲುತ್ತದೆ. ಆದ್ದರಿಂದಲೇ ಅಡ್ರಿನಲಿನ್ ಕೊಟ್ಟ ಮಗುವನ್ನು ಚೇತರಿಸಿಕೊಂಡಿತೆಂದು ತಕ್ಷಣ ಮನೆಗೆ ಕಳಿಸದೆ ಎರಡರಿಂದ ನಾಲ್ಕು ಗಂಟೆ ಇಟ್ಟುಕೊಂಡು ನೋಡುವುದು ಕ್ರಮ. ಈಗ ರಸ್ತೆಯ ಲೆಕ್ಕ. ಕಿತ್ತೂರಿನಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40. ಬೈಲಹೊಂಗಲದಿಂದ ಬೆಳಗಾವಿಗೆ 50ರ ಆಸುಪಾಸು. ರಾಮದುರ್ಗದಿಂದ ಬೆಳಗಾವಿಗೆ ನೂರರಷ್ಟು ದೂರವಿದ್ದು, ಅದಕ್ಕಿಂತ ಬಾಗಲಕೋಟೆಯೇ ಹತ್ತಿರ. ಕಿತ್ತೂರಿನ ಮಗುವಿಗೆ ಅಡ್ರಿನಲಿನ್ ಇಳಿಯುವ ಮೊದಲೇ ದೊಡ್ಡ ಆಸ್ಪತ್ರೆ ಸಿಗುತ್ತದೆ. ರಾಮದುರ್ಗ ತಾಲ್ಲೂಕಿನ ಹಳ್ಳಿಯಿಂದ ಹೊರಟ ಮಗುವಿಗೆ ಬೆಳಗಾವಿಯ ದಾರಿಯಲ್ಲಿಯೇ ಆ ಎರಡು ಗಂಟೆ ಮುಗಿದುಹೋಗಬಹುದು. ಹೀಗಾಗಿ ಮಗುವನ್ನು ಮುಂದಕ್ಕೆ ಕಳಿಸುವ ತಾಲ್ಲೂಕು ಆಸ್ಪತ್ರೆ, 108ರ ಆಂಬುಲೆನ್ಸ್ ಬಾಗಿಲು ಮುಚ್ಚುವ ಮುನ್ನವೇ ಡೆಕ್ಸಾಮೆಥಸೋನ್ ಕೊಟ್ಟಿರಬೇಕು. ಅಡ್ರಿನಲಿನ್ ಸವೆಯುವಷ್ಟರಲ್ಲಿ ಸ್ಟೀರಾಯ್ಡ್ ಹೊರೆ ಹೊರಲು ಸಿದ್ಧವಾಗಿರುತ್ತದೆ. ಡೆಕ್ಸಾಮೆಥಸೋನ್ ಕೊಟ್ಟಾಯಿತೇ, ಎಷ್ಟು ಗಂಟೆಗೆ, ಎಷ್ಟು ಮಿಲಿಗ್ರಾಂ ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳುವ ತಂದೆ ಯಾರ ಅಧಿಕಾರವನ್ನೂ ಪ್ರಶ್ನಿಸುತ್ತಿಲ್ಲ, ಬೆಳಗಾವಿಯ ವೈದ್ಯರಿಗೆ ಬೇಕಾದ ಮಾಹಿತಿಯನ್ನು ಒಯ್ಯುತ್ತಿದ್ದಾನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿಗಳನ್ನು ಮುಳುಗಿಸಿದಂತಹ ದಿನಗಳಲ್ಲಿ ರಸ್ತೆಯ ಈ ಲೆಕ್ಕವೂ ಉಳಿಯುವುದಿಲ್ಲ. ಮತ್ತೆ ಮತ್ತೆ ಕ್ರೂಪ್ ಬರುವ ಮಗು ದೂರದ ಹಳ್ಳಿಯಲ್ಲಿದ್ದರೆ, ತೂಕಕ್ಕೆ ತಕ್ಕ ಒಂದೇ ಡೋಸನ್ನು ಮನೆಯಲ್ಲಿಟ್ಟುಕೊಳ್ಳಲು ಮಕ್ಕಳ ತಜ್ಞರು ಬರೆದುಕೊಡುವುದುಂಟು. ಅದನ್ನು ಕೊಟ್ಟು ಮಲಗುವುದಕ್ಕಲ್ಲ, ಕೊಟ್ಟು ಹೊರಡುವುದಕ್ಕೆ.

ಯಾವಾಗ ಹೊರಡಬೇಕು ಎಂಬುದಕ್ಕೆ ಕೆಮ್ಮಿನ ಜೋರು ಅಳತೆಯಲ್ಲ. ಮಗು ಸುಮ್ಮನೆ ಕುಳಿತಿರುವಾಗಲೂ ಸ್ಟ್ರೈಡರ್ ಕೇಳುತ್ತಿದೆಯೇ, ಪಕ್ಕೆಲುಬುಗಳ ನಡುವೆ ಮತ್ತು ಕುತ್ತಿಗೆಯ ಬುಡದಲ್ಲಿ ಚರ್ಮ ಒಳಕ್ಕೆ ಹಳ್ಳ ಬೀಳುತ್ತಿದೆಯೇ ಎಂಬುದು ಅಳತೆ. ಹಾಗಾದರೆ ಆ ರಾತ್ರಿಯೇ ಹೊರಡಬೇಕು. ತುಟಿ ನೀಲಿಯಾಗುವುದು, ಮಗು ಮಂಕಾಗುವುದು ಇನ್ನೂ ಮುಂದಿನ ಹಂತ. ಜೋರಾಗಿದ್ದ ಸದ್ದು ತಾನಾಗಿ ಮೆಲ್ಲಗಾಗಿ, ಮಗು ಸೋತು ಮಲಗಿದರೆ ಅದನ್ನು ಗುಣವೆಂದು ತಿಳಿಯುವುದು ಈ ಬೇನೆಯಲ್ಲಿ ಆಗಬಹುದಾದ ಅತಿ ದುಬಾರಿಯ ತಪ್ಪು, ಏಕೆಂದರೆ ಸದ್ದು ಹುಟ್ಟಲು ಗಾಳಿ ಹರಿಯಬೇಕು, ಹರಿಯುವ ಗಾಳಿಯೇ ಕಡಿಮೆಯಾದಾಗ ಸದ್ದೂ ಅಡಗುತ್ತದೆ.

ಕ್ರೂಪಿನ ವೇಷ ಹಾಕಿ ಬರುವ ಬೇರೆ ಸಂಗತಿಗಳಲ್ಲಿ ಈ ಸೀಮೆಗೆ ಹೆಚ್ಚು ಸಲ್ಲುವುದು ಶೇಂಗಾ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತ ಹೆಂಗಸರ ನಡುವೆ ಅಂಬೆಗಾಲಿಡುವ ಕೂಸು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ನಗುವಾಗಲೋ ಅಳುವಾಗಲೋ ಅದು ಶ್ವಾಸನಾಳಕ್ಕೆ ಜಾರುವುದು ಕ್ಷಣದ ಕೆಲಸ. ಭಾರತದ ಆಸ್ಪತ್ರೆಗಳಲ್ಲಿ ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಮೊದಲ ಸಾಲಿನಲ್ಲಿದೆ. ಕಾಳು ಜಾರಿದಾಗ ಒಮ್ಮೆ ಬಲವಾಗಿ ಕೆಮ್ಮಿ, ಮುಖ ಕೆಂಪಾಗಿ, ಮತ್ತೆ ಸುಮ್ಮನಾದ ಮಗುವಿಗೆ ದಿನಗಳ ನಂತರ ಕೆಮ್ಮು ಮರಳಿದಾಗ ಮೊದಲಿನ ಘಟನೆ ಯಾರಿಗೂ ನೆನಪಿರುವುದಿಲ್ಲ. ಎಕ್ಸರೇ ಚಿತ್ರದಲ್ಲಿ ಶೇಂಗಾ ಕಾಣುವುದಿಲ್ಲ, ಅದರ ಎಣ್ಣೆ ಸುತ್ತಲಿನ ಪೊರೆಯನ್ನು ಕೆರಳಿಸುತ್ತಲೇ ಇರುತ್ತದೆ, ಸ್ಟೀರಾಯ್ಡ್ ಕೊಟ್ಟಾಗ ಆ ಕೆರಳಿಕೆ ತುಸು ತಗ್ಗಿ ಕ್ರೂಪ್ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ನೆಗಡಿಯೇ ಇಲ್ಲದೆ ಹಗಲು ಹೊತ್ತಿನಲ್ಲಿ, ತಿನ್ನುವಾಗ ಅಥವಾ ಆಡುವಾಗ ಆರಂಭವಾದ ಕೆಮ್ಮಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಬೇಕಾದವರು ಮನೆಯವರೇ. ಮೂರು ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ, ಪುಟಾಣಿ, ಹುಣಸೆ ಬೀಜಗಳನ್ನು ಮಕ್ಕಳ ಕೈಗೆ ಸಿಗದಂತಿಡುವುದು ಕ್ರೂಪಿನ ಯಾವ ಮದ್ದಿಗಿಂತಲೂ ಹೆಚ್ಚು ಜೀವ ಉಳಿಸಬಲ್ಲದು.

ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇನ್ನೊಂದು. 1765ರಲ್ಲಿ ಎಡಿನ್‌ಬರೋದ ಫ್ರಾನ್ಸಿಸ್ ಹೋಮ್ ಕ್ರೂಪಿನ ಬಗ್ಗೆ ಪುಸ್ತಕ ಬರೆದಾಗ ಆ ಹೆಸರಿನಡಿಯಲ್ಲಿ ಇದೂ ಸೇರಿತ್ತು, ಬೇರ್ಪಡಿಸಲು ಮತ್ತೂ ನೂರು ವರ್ಷ ಹಿಡಿಯಿತು. ಗಂಟಲಿನಲ್ಲಿ ಬೂದುಬಿಳಿ ಪೊರೆ, ಊದಿದ ಕುತ್ತಿಗೆ, ನಿಧಾನವಾಗಿ ಏರುವ ಉಸಿರುಕಟ್ಟು ಅದರ ಗುರುತು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಈ ಶತಮಾನದಲ್ಲಿಯೂ ಗಂಟಲಮಾರಿಯ ವರದಿಗಳು ಬಂದಿರುವುದರಿಂದ ಅದನ್ನು ಇತಿಹಾಸವೆಂದು ಬದಿಗಿಡುವಂತಿಲ್ಲ. ಅದನ್ನು ತಡೆಯಲು ಆರು, ಹತ್ತು, ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್ ಲಸಿಕೆ ಹಾಕಿಸುವ ಮನೆಗಳು ಕೂಡ ಒಂದೂವರೆ ವರ್ಷದ ಮತ್ತು ಐದು ವರ್ಷದ ಬೂಸ್ಟರನ್ನು ಮರೆಯುವುದುಂಟು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರಿಗೆ, ಕುರಿ ಹಿಂಡಿನೊಡನೆ ಅಲೆಯುವವರಿಗೆ ಆಶಾ ಕಾರ್ಯಕರ್ತೆ ಬರುವ ದಿನವೇ ತಪ್ಪಿರುತ್ತದೆ. ಇದೇ ಪೆಂಟಾವೇಲೆಂಟ್ ಲಸಿಕೆಯಲ್ಲಿರುವ, ಹಿಬ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಅಂಶ, ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕೂರುವಂತೆ ಮಾಡುವ, ದನಿಪೆಟ್ಟಿಗೆಯ ಮೇಲಿನ ಕಿರುಮುಚ್ಚಳದ (ಎಪಿಗ್ಲಾಟಿಸ್) ಸೋಂಕನ್ನು ತಡೆಯುತ್ತದೆ. ಆ ಬೇನೆಯಲ್ಲಿ ಬೊಗಳುವ ಕೆಮ್ಮು ಇರುವುದಿಲ್ಲ.

ಮೂರನೆಯದು, ಹೊಸ ಕಾಲದ ಕಾಣಿಕೆ. ದಿನ ತುಂಬುವ ಮೊದಲೇ ಹುಟ್ಟಿ, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನವಜಾತ ಶಿಶು ಘಟಕದಲ್ಲಿ ಕೃತಕ ಉಸಿರಿನ ಮೇಲೆ ಬದುಕಿ ಬಂದ ಮಕ್ಕಳು ಈಗ ಹಳ್ಳಿಗಳಲ್ಲಿ ಬೆಳೆಯುತ್ತಿದ್ದಾರೆ, ಮೂವತ್ತು ವರ್ಷದ ಹಿಂದೆ ಅವರಲ್ಲಿ ಅನೇಕರು ಉಳಿಯುತ್ತಿರಲಿಲ್ಲ. ಉಸಿರಿಗಾಗಿ ಗಂಟಲಿಗಿಳಿಸಿದ ಕೊಳವೆ ಕೆಲವರಲ್ಲಿ ಅದೇ ಕ್ರಿಕಾಯ್ಡ್ ಉಂಗುರದ ಒಳಮೈಯನ್ನು ಉಜ್ಜಿ, ಗಾಯ ಮಾಗುವಾಗ ದಾರಿಯನ್ನು ಶಾಶ್ವತವಾಗಿ ಕಿರಿದುಗೊಳಿಸಿರುತ್ತದೆ. ಅಂಥ ಮಗುವಿಗೆ ಪ್ರತಿ ನೆಗಡಿಯೂ ಕ್ರೂಪಾಗುತ್ತದೆ. ತಾಯಿ ಕಾರ್ಡಿನೊಂದಿಗೆ ಆ ಘಟಕದ ಡಿಸ್ಚಾರ್ಜ್ ಚೀಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಾಯ್ದಿಟ್ಟು, ಮಕ್ಕಳ ತಜ್ಞರಿಗೆ ತೋರಿಸಿದರೆ ಅದರಲ್ಲಿನ ಒಂದು ಸಾಲು, ಎಷ್ಟು ದಿನ ವೆಂಟಿಲೇಟರ್ ಎಂಬುದು, ಮುಂದಿನ ಪರೀಕ್ಷೆಯ ದಿಕ್ಕನ್ನೇ ನಿರ್ಧರಿಸುತ್ತದೆ.

ಬಹುಪಾಲು ಮಕ್ಕಳಲ್ಲಿ ಉಂಗುರ ದೇಹದೊಂದಿಗೆ ಅಗಲವಾಗುತ್ತ ಹೋಗಿ, ಐದಾರು ವರ್ಷದ ಹೊತ್ತಿಗೆ ಅದೇ ವೈರಸ್ಸು ದನಿ ಒಡೆಸುವುದಕ್ಕಷ್ಟೇ ಸಮರ್ಥವಾಗಿರುತ್ತದೆ. ಅಲರ್ಜಿಯ ಮೈಯವರಲ್ಲಿ ಕೆಲವರಿಗೆ ಆ ವಯಸ್ಸಿನಲ್ಲಿ ಅಸ್ತಮಾ ಗುರುತಾಗಬಹುದು, ಆಗ ಇನ್‌ಹೇಲರಿಗೆ ನಿಜವಾದ ಕೆಲಸ ಬರುತ್ತದೆ. ಆರು ತಿಂಗಳೊಳಗೆ ಆರಂಭವಾದ, ಆರು ವರ್ಷ ದಾಟಿದ ಮೇಲೂ ಬರುತ್ತಿರುವ, ಎರಡು ಬೇನೆಗಳ ನಡುವಿನ ಒಳ್ಳೆಯ ದಿನಗಳಲ್ಲಿಯೂ ಸದ್ದು ಬಿಡದ, ಅಥವಾ ಉಸಿರು ಎಳೆಯುವಾಗ ಮತ್ತು ಬಿಡುವಾಗ ಎರಡರಲ್ಲಿಯೂ ಸದ್ದಿರುವ ಕ್ರೂಪನ್ನು ಮಾತ್ರ ಹಾಗೆಯೇ ಬಿಡಬಾರದು. ಅಂಥ ಮಗುವಿನ ಗಂಟಲು ಮತ್ತು ಶ್ವಾಸನಾಳವನ್ನು, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ನಳಿಕೆಯಿಂದ, ಅರಿವಳಿಕೆ ಕೊಟ್ಟು ಒಮ್ಮೆ ಕಣ್ಣಾರೆ ನೋಡಬೇಕಾಗುತ್ತದೆ; ಅದಕ್ಕೆ ಬೇಕಾದ ಕಿವಿ-ಮೂಗು-ಗಂಟಲು ತಜ್ಞರು ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿದ್ದಾರೆ, ಮತ್ತು ಆ ಪರೀಕ್ಷೆಗೆ ಸರಿಯಾದ ಸಮಯ ಮಗು ಗುಣವಾಗಿ ಕೆಲವು ವಾರ ಕಳೆದು, ಬಾವು ಪೂರ್ತಿ ಇಳಿದ ನಂತರ.